ಸೆಕೆಂಡ್ ಹ್ಯಾಂಡ್ ಬೈಕ್: ಮೊದಲು ಸೈಲೆನ್ಸರ್ ಮುಟ್ಟಿ ನೋಡಿ

ಭಾನುವಾರ ಬೆಳಿಗ್ಗೆ ಏಳು ಗಂಟೆ. ಮೈಸೂರಿನ ಕುವೆಂಪುನಗರದ ಒಂದು ಮನೆಯ ಗೇಟಿನ ಮುಂದೆ ನಾನು ಮತ್ತು ನನ್ನ ಅಕ್ಕನ ಮಗ ನಿಂತಿದ್ದೆವು. ಹುಡುಗನಿಗೆ ಹೂಟಗಳ್ಳಿ ಕಡೆ ಕೆಲಸ ಸಿಕ್ಕಿ ಮೂರು ತಿಂಗಳಾಗಿತ್ತು. ಎರಡೆರಡು ಬಸ್ಸು ಬದಲಿಸಿ ಸಾಕಾಗಿ, 60 ಸಾವಿರದೊಳಗೆ ಒಂದು 125 ಸಿಸಿ ಗಾಡಿ ತಗೊಳ್ಳೋದೇ ಎಂದು ಹಟ ಹಿಡಿದಿದ್ದ. 'ಮಾವ, ಫೋಟೋದಲ್ಲಿ ಶೋರೂಮ್ ಗಾಡಿ ಥರಾನೇ ಇದೆ. ನೀವು ಒಂದ್ಸಲ ನೋಡಿ ಹೂಂ ಅಂದ್ಬಿಡಿ ಸಾಕು' ಎಂದು ಹಿಂದಿನ ರಾತ್ರಿಯೇ ಅಡ್ವಾನ್ಸ್ ಹಾಕಲು ಹೊರಟಿದ್ದವನನ್ನು ತಡೆದು ನಿಲ್ಲಿಸಿದ್ದೆ.

ಗಾಡಿ ನಿಜಕ್ಕೂ ಹೊಳೆಯುತ್ತಿತ್ತು. ತೊಳೆದು, ಒರೆಸಿ, ಟೈರಿಗೆ ಕಪ್ಪು ಪಾಲಿಶ್ ಬಳಿದು, ಸೀಟಿಗೆ ಹೊಸ ಕವರ್ ಹಾಕಿ ನಿಲ್ಲಿಸಿದ್ದರು. ನಾನು ಬಗ್ಗಿ ಸೈಲೆನ್ಸರಿನ ಹತ್ತಿರ ಅಂಗೈಯ ಹಿಂಬದಿ ಹಿಡಿದೆ. ಬೆಚ್ಚಗಿತ್ತು.

'ಈಗ ತಾನೇ ಹಾಲು ತರೋಕೆ ಹೋಗಿ ಬಂದೆ ಸಾರ್' ಎಂದರು ಮನೆಯವರು.

ಇರಬಹುದು. ಆದರೆ ನಾವು ಬರುವತನಕ ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲಿ ಎರಡು ಸಲ ಕೇಳಿಕೊಂಡಿದ್ದೆ. ಬಿಸಿ ಇಂಜಿನ್ ಸುಳ್ಳು ಹೇಳುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಆಯಿಲ್ ಪೂರ್ತಿ ಕೆಳಗಿಳಿದು, ಒಳಗಿನ ಲೋಹ ಕುಗ್ಗಿರುತ್ತದೆ. ಬ್ಯಾಟರಿಗೆ ಎಷ್ಟು ಕಸುವಿದೆ, ಟೈಮಿಂಗ್ ಚೈನ್ ಎಷ್ಟು ಸಡಿಲಾಗಿದೆ, ವಾಲ್ವ್ ಸೀಲ್ ಸೋರುತ್ತಿದೆಯೇ, ಪಿಸ್ಟನ್ ರಿಂಗ್ ಸವೆದಿದೆಯೇ, ಇದೆಲ್ಲ ಬಯಲಾಗುವುದು ಆ ಮೊದಲ ಅರ್ಧ ನಿಮಿಷದಲ್ಲಿ. ಅದನ್ನು ಮಾರುವವರು ನಾವು ಬರುವ ಮೊದಲೇ ಮುಗಿಸಿಬಿಟ್ಟಿದ್ದರು. ನಾವು ಕಾಫಿ ಕುಡಿದು, ಕಷ್ಟಸುಖ ಮಾತಾಡಿ, ಇನ್ನೊಂದು ದಿನ ಬರುತ್ತೇವೆಂದು ಎದ್ದು ಬಂದೆವು. ಹುಡುಗ ಸಂಜೆಯವರೆಗೆ ನನ್ನೊಡನೆ ಮಾತಾಡಲಿಲ್ಲ.

ಮೂವತ್ತು ವರ್ಷದಿಂದ ನೆಂಟರಿಷ್ಟರಿಗೆ ಹಳೇ ಗಾಡಿ ಕೊಡಿಸುವ ಕೆಲಸ ನನ್ನ ಹೆಗಲಿಗೇ ಬಿದ್ದಿದೆ. ಅದರಲ್ಲಿ ನನಗೆ ತಿಳಿದದ್ದಿಷ್ಟು: ಗಾಡಿಯಲ್ಲಿ ದೋಷವಿದ್ದರೆ ಚೌಕಾಸಿ ಮಾಡಬೇಕು, ಕಾಗದದಲ್ಲಿ ದೋಷವಿದ್ದರೆ ಎದ್ದು ಬರಬೇಕು. ಸವೆದ ಚೈನು, ಕಿತ್ತ ಟೈರು, ಹೊಗೆ ಉಗುಳುವ ಇಂಜಿನ್, ಎಲ್ಲಕ್ಕೂ ಗ್ಯಾರೇಜಿನಲ್ಲಿ ಒಂದು ರೇಟಿದೆ. ಬೇರೆಯವರ ಹೆಸರಿನಲ್ಲೇ ಉಳಿದುಹೋದ ಆರ್‌ಸಿಗೆ ರೇಟಿಲ್ಲ. ನಮ್ಮ ಜನ ಮಾಡುವುದು ಇದರ ತಿರುಗುಮುರುಗು. ಟ್ಯಾಂಕಿನ ಮೇಲಿನ ಗೀರಿಗೆ ಅರ್ಧ ಗಂಟೆ ಜಗಳ, ಆರ್‌ಸಿ ಮೇಲೆ ಅರ್ಧ ನಿಮಿಷದ ಕಣ್ಣಾಡಿಕೆ.

ಹಾಗಾಗಿ ಕಾಗದದಿಂದಲೇ ಶುರುಮಾಡೋಣ. ಮನೆಯಿಂದ ಹೊರಡುವ ಮೊದಲೇ ಗಾಡಿ ನಂಬರ್ ಕೇಳಿ ತೆಗೆದುಕೊಳ್ಳಿ. ಕೊಡಲು ಹಿಂದೇಟು ಹಾಕುವವರ ಗಾಡಿ ನೋಡಲು ಹೋಗುವುದೇ ಬೇಡ. ಸಾರಿಗೆ ಇಲಾಖೆಯ ಪರಿವಹನ್ ಜಾಲತಾಣದಲ್ಲಿ ಅಥವಾ ಎಂಪರಿವಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಮಾಡೆಲ್, ಇಂಧನ, ಇನ್ಶೂರೆನ್ಸ್ ಮತ್ತು ಎಮಿಷನ್ ಯಾವತ್ತಿನವರೆಗೆ ಇದೆ ಎಂಬುದೆಲ್ಲ ಸಿಗುತ್ತದೆ. ಮಾಲೀಕರ ಹೆಸರು ಪೂರ್ತಿ ಕಾಣುವುದಿಲ್ಲ, ನಡುನಡುವೆ ಚುಕ್ಕಿ ಹಾಕಿರುತ್ತಾರೆ. ಕಂಡ ಅಕ್ಷರಗಳು ಮಾರುವವರ ಹೆಸರಿಗೆ ತಾಳೆಯಾದರೆ ಸಾಕು. ಟ್ರಾಫಿಕ್ ದಂಡ ಬಾಕಿ ಇದೆಯೇ ಎಂದೂ ನೋಡಿ. ಬೆಂಗಳೂರಿನ ಗಾಡಿಯಾದರೆ ಇದು ಕಡ್ಡಾಯ ಎಂದೇ ತಿಳಿಯಿರಿ. ಕ್ಯಾಮೆರಾಗಳು ಸದ್ದಿಲ್ಲದೆ ಹಾಕಿದ ಹೆಲ್ಮೆಟ್ ಕೇಸುಗಳು ಸೇರಿಸೇರಿಸಿ ಗಾಡಿಯ ಬೆಲೆಯನ್ನೇ ಮುಟ್ಟಿದ ಉದಾಹರಣೆಗಳನ್ನು ಪೇಪರಿನಲ್ಲಿ ನೀವೂ ಓದಿರುತ್ತೀರಿ.

ಆರ್‌ಸಿಯಲ್ಲಿ ನೋಂದಣಿ ದಿನಾಂಕದ ಜೊತೆಗೆ ತಯಾರಾದ ತಿಂಗಳು, ವರ್ಷವೂ ಇರುತ್ತದೆ. ಜನವರಿಯಲ್ಲಿ ನೋಂದಣಿಯಾದ ಗಾಡಿ ಹಿಂದಿನ ವರ್ಷದ ಮಧ್ಯದಲ್ಲೇ ತಯಾರಾಗಿ ಶೋರೂಮಿನಲ್ಲಿ ಕೂತಿರಬಹುದು. ಬೆಲೆ ಮಾತಾಡುವಾಗ ಇದು ಕೈಗೆ ಬರುತ್ತದೆ. ವರ್ಷ ನೋಡುವಾಗ ಮೂರು ಗೆರೆಗಳನ್ನು ನೆನಪಿಟ್ಟುಕೊಳ್ಳಿ. 2017ರ ಏಪ್ರಿಲ್‌ನಿಂದ ಬಿಎಸ್ 4 ಬಂತು, ಕೀ ತಿರುಗಿಸಿ ಸ್ಟಾರ್ಟ್ ಮಾಡಿದರೆ ಹೆಡ್‌ಲೈಟ್ ತಾನೇ ಉರಿಯುವುದೂ ಆಗಲೇ ಬಂತು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಗಾಡಿಗೆ ಎಬಿಎಸ್, 125 ಮತ್ತು ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್ ಕಡ್ಡಾಯವಾಯಿತು. 2020ರ ಏಪ್ರಿಲ್‌ನಿಂದ ಬಿಎಸ್ 6. ಅಲ್ಲಿಗೆ ನಮ್ಮ ಮಾಮೂಲಿ ಗಾಡಿಗಳಲ್ಲಿ ಬಹುತೇಕ ಕಾರ್ಬುರೇಟರ್ ಬಿಟ್ಟು ಫ್ಯುಯೆಲ್ ಇಂಜೆಕ್ಷನ್‌ಗೆ ಹೊರಳಿದವು. '2020 ಮಾಡೆಲ್' ಎಂದು ಹೇಳಿ ಕಾರ್ಬುರೇಟರ್ ಗಾಡಿ ತೋರಿಸಿದರೆ, ಅದು ಹೆಚ್ಚಾಗಿ ಬಿಎಸ್ 4 ಕಾಲದ ಕೊನೆಯ ಸ್ಟಾಕು. ಕೆಟ್ಟದ್ದೆಂದಲ್ಲ, ಬೆಲೆ ಮಾತ್ರ ಬಿಎಸ್ 6ರದ್ದು ಕೊಡಬೇಕಾಗಿಲ್ಲ. ನಿಮ್ಮದು ಹಳ್ಳಿಯಾಗಿ, ಹತ್ತಿರದಲ್ಲಿರುವುದು ಹಳೇ ಕಾಲದ ಮೆಕ್ಯಾನಿಕ್ ಒಬ್ಬರೇ ಆದರೆ, ಕಾರ್ಬುರೇಟರ್ ಗಾಡಿಯೇ ನಿಮಗೆ ಹಿತ ಎಂದು ನಾನು ಹೇಳಿಯೇನು.

ಈಗ ಸಾಲದ ವಿಷಯ. ಲೋನ್ ಹಾಕಿ ಕೊಂಡ ಗಾಡಿಯ ಆರ್‌ಸಿಯಲ್ಲಿ ಬ್ಯಾಂಕಿನದೋ ಫೈನಾನ್ಸ್ ಕಂಪನಿಯದೋ ಹೆಸರು ಕೂತಿರುತ್ತದೆ. ಕಂತೆಲ್ಲ ಕಟ್ಟಿ ಮುಗಿದರೂ ಅದು ತಾನಾಗಿ ಹೋಗುವುದಿಲ್ಲ. ಸಾಲ ಕೊಟ್ಟವರ ಎನ್‌ಒಸಿ ಮತ್ತು ಅವರ ಸಹಿಯುಳ್ಳ ಫಾರಂ 35 ಆರ್‌ಟಿಒಗೆ ಹೋಗಬೇಕು. 'ಲೋನ್ ಯಾವಾಗಲೋ ಕ್ಲಿಯರ್ ಆಗಿದೆ ಸಾರ್, ಪೇಪರ್ ಊರಲ್ಲಿದೆ' ಎಂಬ ಮಾತು ಕಿವಿಗೆ ಬಿದ್ದರೆ, ಪೇಪರ್ ಊರಿನಿಂದ ಬಂದ ಮೇಲೆ ಫೋನ್ ಮಾಡಿ ಎಂದು ಹೇಳಿ ಬನ್ನಿ.

ಹೆಸರು ಬದಲಾವಣೆಗೆ ಬೇಕಾದದ್ದು ಮಾರುವವರ ಫಾರಂ 29, ಕೊಳ್ಳುವವರ ಫಾರಂ 30. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ರಾಜ್ಯದೊಳಗೇ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಗಾಡಿ ತಂದೆಯ ಹೆಸರಿನಲ್ಲಿದ್ದು, ಅವರು ತೀರಿಕೊಂಡು, ಮಗ ಮಾರುತ್ತಿದ್ದಾನೆ ಎನ್ನಿ. ಹಳ್ಳಿ ಕಡೆ ಇದು ಬಹಳ. ಮೊದಲು ಫಾರಂ 31ರಲ್ಲಿ ಗಾಡಿ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ನಿಮಗೆ. ಉಳಿದ ಮಕ್ಕಳ ಒಪ್ಪಿಗೆಯೂ ಬೇಕಾಗುತ್ತದೆ. ಸತ್ತವರ ಹಳೇ ಸಹಿಯನ್ನು ನೋಡಿಕೊಂಡು ಇನ್ಯಾರೋ ಗೀಚಿದ ಫಾರಂ ಹಿಡಿದು ಆರ್‌ಟಿಒ ಮೆಟ್ಟಿಲು ಹತ್ತಬೇಡಿ. ಹೊರರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ಹೊಸದಾಗಿ ಜೀವಾವಧಿ ತೆರಿಗೆ ಕಟ್ಟಬೇಕು. ಹೊಸೂರಿನಲ್ಲಿ ಹತ್ತು ಸಾವಿರ ಕಡಿಮೆಗೆ ಸಿಕ್ಕಿತೆಂದು ಕುಣಿದವರು ಈ ಲೆಕ್ಕ ಹಾಕಿರುವುದಿಲ್ಲ.

ಈ ಹೆಸರು ಬದಲಾವಣೆಯ ಬಗ್ಗೆ ನಾನು ಇಷ್ಟು ಕೊರೆಯುವುದಕ್ಕೆ ಕಾರಣವಿದೆ. 2011ರಲ್ಲಿ ನನ್ನ ಹಳೇ 100 ಸಿಸಿ ಗಾಡಿಯನ್ನು ಪರಿಚಯದವರ ಪರಿಚಯದವರೊಬ್ಬರಿಗೆ ಮಾರಿದೆ. ದುಡ್ಡು ಕೈಗೆ ಬಂತು, ಖಾಲಿ ಫಾರಮ್ಮುಗಳಿಗೆ ಸಹಿ ಹಾಕಿ ಕೊಟ್ಟೆ. 'ನಾಳೆಯೇ ಮಾಡಿಸ್ಕೋತೀನಿ ಸಾರ್' ಎಂದರು. ಐದು ವರ್ಷದ ಮೇಲೆ ಒಂದು ಮಧ್ಯಾಹ್ನ ನಾನು ಕಾಲಿಟ್ಟಿರದ ಊರಿನ ಪೊಲೀಸ್ ಸ್ಟೇಷನ್ನಿನಿಂದ ಫೋನು. ಗಾಡಿ ಯಾರಿಗೋ ಗುದ್ದಿದೆ, ಓಡಿಸುತ್ತಿದ್ದವನು ಬಿಟ್ಟು ಓಡಿದ್ದಾನೆ, ಇನ್ಶೂರೆನ್ಸ್ ಇಲ್ಲ, ಆರ್‌ಸಿಯಲ್ಲಿ ಇರುವುದು ನನ್ನ ಹೆಸರು. ಅಷ್ಟರಲ್ಲಿ ಆ ಗಾಡಿ ಮೂರು ಕೈ ದಾಟಿತ್ತು. ಮಾರಿದ ದಿನ ಒಂದು ಬಿಳಿ ಹಾಳೆಯಲ್ಲಿ ದಿನಾಂಕ, ಗಂಟೆ, ಕೊಂಡವರ ವಿಳಾಸ ಬರೆಸಿ ಸಹಿ ಹಾಕಿಸಿಕೊಂಡಿದ್ದೆ. ಗುದ್ದಿಸಿಕೊಂಡವರಿಗೆ ಪುಣ್ಯಕ್ಕೆ ಹೆಚ್ಚೇನೂ ಆಗಿರಲಿಲ್ಲ. ಆ ಹಾಳೆ ಹಿಡಿದು ಸುಮಾರು ಒಂದು ವರ್ಷ ಅಲೆದು ಬಿಡಿಸಿಕೊಂಡೆ. ಅಂಥ ಹಾಳೆ ಎಲ್ಲ ಕಡೆ ಕಾಪಾಡುವುದಿಲ್ಲ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋದ ಒಂದು ಕಾರಿನ ಅಪಘಾತದಲ್ಲಿ, ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದಿತು.

ಇದು ಮಾರುವವರ ತಲೆನೋವು, ಕೊಳ್ಳುವ ನನಗೇನು ಎನ್ನಬೇಡಿ. ಹೆಸರು ನಿಮ್ಮದಾಗದ ಗಾಡಿಗೆ ನಿಮ್ಮ ಹೆಸರಿನಲ್ಲಿ ಇನ್ಶೂರೆನ್ಸ್ ಆಗುವುದಿಲ್ಲ. ಕಳುವಾದರೆ ಕ್ಲೇಮ್ ಇಲ್ಲ, ಮುಂದೆ ಮಾರಬೇಕೆಂದರೆ ಹಳೇ ಮಾಲೀಕರನ್ನು ಹುಡುಕಿಕೊಂಡು ದುಬೈಗೋ ದಾವಣಗೆರೆಗೋ ಫೋನ್ ಹಚ್ಚಬೇಕು.

ಇನ್ಶೂರೆನ್ಸ್ ಪಾಲಿಸಿಯನ್ನು ದಂಡ ತಪ್ಪಿಸುವ ಚೀಟಿ ಎಂದಷ್ಟೇ ನೋಡುವವರೇ ಹೆಚ್ಚು. ನಾನು ಅದನ್ನು ಗಾಡಿಯ ಜಾತಕದ ಹಾಗೆ ಓದುತ್ತೇನೆ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಟ್ಟಿಗೇ ಬರುತ್ತದೆ. ಹಾಗಾಗಿ 'ಇನ್ಶೂರೆನ್ಸ್ ಕರೆಂಟ್ ಇದೆ' ಎಂದರೆ ಬಹಳ ಸಲ ಇರುವುದು ಅದೊಂದೇ. ನಿಮ್ಮ ಗಾಡಿಗೇ ಪೆಟ್ಟಾದರೆ ಅದರಿಂದ ಬಿಡಿಗಾಸೂ ಸಿಗುವುದಿಲ್ಲ. ಫುಲ್ ಇನ್ಶೂರೆನ್ಸ್ ಪ್ರತಿವರ್ಷ ಮಾಡಿಸುತ್ತಾ ಬಂದಿದ್ದರೆ, ಅದರಲ್ಲಿ ಎರಡು ಅಂಕಿ ಹುಡುಕಿ. ಒಂದು ಐಡಿವಿ, ಎಂದರೆ ಕಂಪನಿ ಕಟ್ಟಿದ ಗಾಡಿಯ ಬೆಲೆ. ಎರಡರಿಂದ ಮೂರು ವರ್ಷದ ಗಾಡಿಗೆ ಹೊಸದರ ಬೆಲೆಯಲ್ಲಿ 30 ಪರ್ಸೆಂಟ್, ನಾಲ್ಕರಿಂದ ಐದು ವರ್ಷದ್ದಕ್ಕೆ 50 ಪರ್ಸೆಂಟ್ ಕಳೆಯುವುದು ರೂಢಿ. ಮಾರುಕಟ್ಟೆ ಇದಕ್ಕಿಂತ ಮೇಲೇ ಇರುತ್ತದೆ, ಆದರೂ ಚೌಕಾಸಿ ಎಲ್ಲಿಂದ ಶುರುಮಾಡಬೇಕೆಂದು ತಿಳಿಯುತ್ತದೆ. ಇನ್ನೊಂದು ನೋ ಕ್ಲೇಮ್ ಬೋನಸ್. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20 ಪರ್ಸೆಂಟಿನಿಂದ ಏರುತ್ತಾ ಅದು 50ಕ್ಕೆ ಹೋಗುತ್ತದೆ. ಒಬ್ಬರೇ ಮಾಲೀಕರು, ನಾಲ್ಕು ವರ್ಷ ತಪ್ಪದೆ ರಿನ್ಯೂ ಮಾಡಿಸಿದ್ದಾರೆ, ಬೋನಸ್ ಮಾತ್ರ ಸೊನ್ನೆ ಎಂದಾದರೆ ಗಾಡಿ ಎಲ್ಲೋ ಬಿದ್ದು ಕ್ಲೇಮ್ ಆಗಿದೆ. ನೇರವಾಗಿ ಕೇಳಿ. ಆ ಬೋನಸ್ ಮಾರಿದವರದೇ, ಗಾಡಿಯ ಜೊತೆ ನಿಮಗೆ ಬರುವುದಿಲ್ಲ, ಪ್ರೀಮಿಯಂ ಸ್ವಲ್ಪ ಜಾಸ್ತಿಯಾಗುತ್ತದೆ. ಕೊಂಡ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕು.

ಕಾಗದ ಸರಿಯಿದ್ದರೆ ಇನ್ನು ಗಾಡಿ. ಬಿಸಿಲಿರುವಾಗ ಹೋಗಿ, ಬೀದಿ ದೀಪದಲ್ಲಿ ಎಲ್ಲ ಬಣ್ಣವೂ ಚೆಂದವೇ. ತೊಳೆಯದೆ ಬಿಟ್ಟ ಗಾಡಿ ಸಿಕ್ಕರೆ ಅದೃಷ್ಟ. ಆಯಿಲ್ ಎಲ್ಲಿ ಸೋರುತ್ತಿದೆಯೆಂದು ಧೂಳೇ ತೋರಿಸಿಕೊಡುತ್ತದೆ.

ಮೊದಲ ಕೆಲಸ ಚಾಸಿ ನಂಬರ್ ಮತ್ತು ಇಂಜಿನ್ ನಂಬರನ್ನು ಆರ್‌ಸಿಯ ಜೊತೆ ಒಂದೊಂದು ಅಕ್ಷರ ತಾಳೆ ನೋಡುವುದು. ಸಾಮಾನ್ಯವಾಗಿ ಚಾಸಿ ನಂಬರ್ ಹ್ಯಾಂಡಲಿನ ಕೆಳಗೆ, ಫ್ರೇಮಿನ ಕುತ್ತಿಗೆಯ ಮೇಲಿರುತ್ತದೆ. ಹ್ಯಾಂಡಲ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಗ್ರೀಸ್ ಒರೆಸಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಅಂಕಿಗಳು ಒಂದೇ ಸಾಲಿನಲ್ಲಿ, ಒಂದೇ ಆಳದಲ್ಲಿ ಇರಬೇಕು. ಅಲ್ಲಿ ಉಜ್ಜಿದ ಗುರುತೋ ಹೊಸ ಕಪ್ಪು ಸ್ಪ್ರೇಯೋ ಕಂಡರೆ ಮುಂದಿನ ಮಾತೇ ಬೇಡ.

ಟಾರ್ಚು ಕೈಯಲ್ಲಿರುವಾಗಲೇ ಅದೇ ಜಾಗದಲ್ಲಿ ಇನ್ನೊಂದು ನೋಡಬೇಕು. ಹ್ಯಾಂಡಲ್ ಕೊನೆಗೆ ತಿರುಗಿ ನಿಲ್ಲುವ ಕಡೆ ಫ್ರೇಮಿಗೆ ಒಂದು ಸಣ್ಣ ಕಬ್ಬಿಣದ ತಡೆ ಇರುತ್ತದೆ. ಗಾಡಿ ಎದುರಿನಿಂದ ಜೋರಾಗಿ ಗುದ್ದಿದ್ದರೆ ಹ್ಯಾಂಡಲ್ ತಿರುಚಿಕೊಂಡು ಬಂದು ಈ ತಡೆಗೆ ಹೊಡೆದಿರುತ್ತದೆ. ಅದು ಜಜ್ಜಿದೆಯೇ, ಮುರಿದು ವೆಲ್ಡಿಂಗ್ ಆಗಿದೆಯೇ, ಸುತ್ತಲ ಪೇಂಟ್ ಬಿರುಕು ಬಿಟ್ಟಿದೆಯೇ ಎಂದು ನೋಡಿ. ಬಂಪರ್, ಇಂಡಿಕೇಟರ್, ಹೆಡ್‌ಲೈಟ್ ಡೂಮ್ ಎಲ್ಲ ಹೊಸದು ಹಾಕಬಹುದು, ಇದನ್ನು ಹೊಸದಾಗಿಸಲು ಯಾರೂ ತಲೆ ಕೆಡಿಸಿಕೊಂಡಿರುವುದಿಲ್ಲ. ಕ್ಲಚ್ ಲಿವರಿನ ತುದಿಯ ಗುಂಡು, ಫುಟ್‌ರೆಸ್ಟಿನ ಹೊರ ಅಂಚು ಒಂದೇ ಕಡೆ ತೇದಿದ್ದರೆ ಆ ಮಗ್ಗುಲಿಗೆ ಬಿದ್ದಿದೆ. ನಿಂತಲ್ಲೇ ವಾಲಿ ಬಿದ್ದದ್ದಕ್ಕೆ ಹೆದರಬೇಕಿಲ್ಲ.

ಆಮೇಲೆ ಸ್ಟಾರ್ಟ್. ಬಿಎಸ್ 6 ಗಾಡಿಯಲ್ಲಿ ಕೀ ತಿರುಗಿಸಿದೊಡನೆ ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಆರದಿದ್ದರೆ ಯಾವುದೋ ಸೆನ್ಸರ್ ತಕರಾರು. ಮೊದಲಿಗೆ ಹತ್ತುವುದೇ ಇಲ್ಲವೆಂದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ, ಅದು ಇನ್ನೂ ಕೆಟ್ಟದ್ದು. ಒಬ್ಬರು ಸ್ಟಾರ್ಟ್ ಮಾಡಲಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ತಣ್ಣನೆಯ ಬೆಳಿಗ್ಗೆ ತೆಳ್ಳಗೆ ಬಿಳಿ ಹಬೆ ಬಂದು ಮಾಯವಾದರೆ ಅದು ನೀರಿನಂಶ, ಬಿಡಿ. ನೀಲಿ ಛಾಯೆಯ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಸ್ಟಾರ್ಟ್ ಆದ ಕೂಡಲೇ ಒಂದು ಬುಸ್ ಬಂದು ನಿಂತರೆ ವಾಲ್ವ್ ಸೀಲ್, ಆಕ್ಸಿಲರೇಟರ್ ತಿರುಗಿಸಿದಷ್ಟೂ ಬರುತ್ತಿದ್ದರೆ ಸಾಮಾನ್ಯವಾಗಿ ರಿಂಗ್ ಅಥವಾ ಬೋರ್. ಆಯಿಲ್ ಕ್ಯಾಪ್ ತೆಗೆದು ಅದರ ಒಳಬದಿ ನೋಡಿ. ಮಜ್ಜಿಗೆಗೆ ಕಾಫಿ ಬೆರೆಸಿದಂಥ ನೊರೆ ಇದ್ದರೆ ಒಳಗೆ ನೀರು ಸೇರಿದೆ.

ಸದ್ದನ್ನು ಬರೆದು ತಿಳಿಸುವುದು ಕಷ್ಟ. ಹೊಲಿಗೆ ಮೆಷಿನ್ನಿನ ಹಾಗೆ ಸಣ್ಣಗೆ ಟಿಕಟಿಕ ಎಂದರೆ ಟ್ಯಾಪೆಟ್, ಸ್ಕ್ರೂ ಅಡ್ಜಸ್ಟ್ ಮಾಡಿದರೆ ಮುಗಿಯಿತು. ಡಬ್ಬದಲ್ಲಿ ಸರಪಳಿ ಹಾಕಿ ಅಲ್ಲಾಡಿಸಿದ ಹಾಗೆ ಕರಕರ ಎಂದರೆ ಟೈಮಿಂಗ್ ಚೈನ್, ಅದು ಸ್ವಲ್ಪ ಖರ್ಚು. ಒಳಗಿನಿಂದ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ದಬದಬ ಎಂದರೆ ಕೈಮುಗಿದು ಬನ್ನಿ. ಇದಕ್ಕಾಗಿಯೇ ನಾನು ನಮ್ಮ ಬೀದಿಯ ಗ್ಯಾರೇಜಿನವರನ್ನು ಜೊತೆಗೆ ಕರೆದೊಯ್ಯುತ್ತೇನೆ. ಅವರಿಗೆ ಐನೂರು ರೂಪಾಯಿ, ಒಂದು ಮಸಾಲೆ ದೋಸೆ. ಮಾರುವವರು ಸೂಚಿಸಿದ ಮೆಕ್ಯಾನಿಕ್ ಮಾತ್ರ ಬೇಡ.

ಕೆಳಗಿನ ಭಾಗಗಳನ್ನು ನೀವೇ ನೋಡಬಹುದು. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನಿಂದ ಯಾರಾದರೂ ಒತ್ತಿ ಹಿಡಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಹ್ಯಾಂಡಲನ್ನು ಎರಡೇ ಬೆರಳಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ. ನೇರಕ್ಕೆ ಬಂದಾಗ ಗುಳಿಯೊಳಗೆ ಕೂತ ಹಾಗೆ ಟಕ್ಕೆಂದು ಹಿಡಿದರೆ ಕೋನ್ ಸೆಟ್ ಹೋಗಿದೆ. ಮುಂದಿನ ಫೋರ್ಕಿನ ಹೊಳೆಯುವ ಪೈಪಿನ ಮೇಲೆ ಬೆರಳಾಡಿಸಿ. ಜಿಡ್ಡು ಅಂಟಿದರೆ ಆಯಿಲ್ ಸೀಲ್ ಸೋರುತ್ತಿದೆ, ಅದು ಸಣ್ಣ ಖರ್ಚು. ಪೈಪಿನ ಮೇಲೆಯೇ ತುಕ್ಕಿನ ಚುಕ್ಕಿಗಳಿದ್ದರೆ ಎಷ್ಟು ಸೀಲ್ ಹಾಕಿದರೂ ಹರಿದು ಮತ್ತೆ ಸೋರುತ್ತದೆ. ಹಿಂದಿನ ಚಕ್ರವನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಕಟಕಟ ಎಂದರೆ ಸ್ವಿಂಗ್ ಆರ್ಮ್ ಬುಷ್ ಅಥವಾ ಬೇರಿಂಗ್. ಸ್ಪ್ರಾಕೆಟ್ಟಿನ ಹಲ್ಲುಗಳು ಕುಡುಗೋಲಿನ ಮೊನೆಯ ಹಾಗೆ ಒಂದೇ ಕಡೆಗೆ ಬಾಗಿದ್ದರೆ ಚೈನ್ ಸ್ಪ್ರಾಕೆಟ್ ಪೂರ್ತಿ ಸೆಟ್ ಬದಲಿಸಬೇಕು. ಟೈರಿನ ಪಕ್ಕದಲ್ಲಿ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2321 ಎಂದರೆ 2021ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಎಷ್ಟೇ ಆಳವಿರಲಿ, ಆರೇಳು ವರ್ಷದ ಟೈರು ಗಟ್ಟಿಯಾಗಿ ಮಳೆಯಲ್ಲಿ ಜಾರುತ್ತದೆ.

ಇವುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಜೋಡಿ ಟೈರು, ಚೈನ್ ಸೆಟ್ಟು, ಬ್ಯಾಟರಿ ಸೇರಿದರೇ ಆರೇಳು ಸಾವಿರ ಆಗಿಹೋಗುತ್ತದೆ. 'ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ' ಎನ್ನುವ ಬದಲು ಈ ಚೀಟಿ ಮುಂದಿಡಿ. ಮಾತಿಗಿಂತ ಚೀಟಿಗೆ ಬೆಲೆ ಬೇಗ ಇಳಿಯುತ್ತದೆ.

ಮೀಟರಿನ ಅಂಕಿಯನ್ನು ನಾನು ನಂಬುವುದಿಲ್ಲ. ಹಳೇ ಮೀಟರಿನ ಕೇಬಲ್ ಬಿಚ್ಚಿಟ್ಟು ವರ್ಷಗಟ್ಟಲೆ ಓಡಿಸುತ್ತಿದ್ದರು, ಈಗಿನ ಡಿಜಿಟಲ್ ಮೀಟರನ್ನೂ ಹಿಂದಕ್ಕೆ ತಿರುಗಿಸಿಕೊಡುವವರಿದ್ದಾರೆ. ಗೇರ್ ಲಿವರಿನ ರಬ್ಬರ್, ಬ್ರೇಕ್ ಪೆಡಲಿನ ಗೆರೆಗಳು, ಫುಟ್‌ರೆಸ್ಟ್, ಕೀಲಿಯ ಹಲ್ಲು ನೋಡಿ. ಮೀಟರ್ 18 ಸಾವಿರ ಎನ್ನುತ್ತಿದ್ದು ಪೆಡಲು ಕನ್ನಡಿಯ ಹಾಗೆ ನುಣ್ಣಗಾಗಿದ್ದರೆ ಪೆಡಲಿನ ಮಾತೇ ನಿಜ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿದ ಗಾಡಿಯಾದರೆ ಪ್ರತಿ ಸರ್ವಿಸಿನ ಕಿಲೋಮೀಟರ್ ಅವರ ಕಂಪ್ಯೂಟರಿನಲ್ಲಿರುತ್ತದೆ, ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋಗಿ ಕೇಳಿ.

ಗಾಡಿ ಯಾವ ಕೆಲಸ ಮಾಡಿದೆ ಎಂಬುದು ಎಷ್ಟು ಓಡಿದೆ ಎಂಬುದಕ್ಕಿಂತ ಮುಖ್ಯ. ಮಂಡ್ಯ, ಹಾಸನದ ಹಳ್ಳಿಗಳಲ್ಲಿ ದಿನಾ ಎರಡು ಹೊತ್ತು ಹಾಲಿನ ಕ್ಯಾನ್ ಹೊತ್ತ ಗಾಡಿಯ ಹಿಂದಿನ ಫ್ರೇಮ್ ಕೆಳಕ್ಕೆ ಕೂತಿರುತ್ತದೆ. ಹಿಂದೆ ನಿಂತು ನೋಡಿದರೆ ಮಡ್‌ಗಾರ್ಡು ಚಕ್ರಕ್ಕೆ ಓರೆ. ಬೆಂಗಳೂರಿನಲ್ಲಿ ಊಟ ತಲುಪಿಸಲು ಓಡಿದ ಗಾಡಿ ಮೂರೇ ವರ್ಷದಲ್ಲಿ ಹತ್ತು ವರ್ಷದ ಕ್ಲಚ್ ಸವೆಸಿರುತ್ತದೆ, ಹ್ಯಾಂಡಲಿನಲ್ಲಿ ಮೊಬೈಲ್ ಹೋಲ್ಡರ್ ಕೂತ ಗುರುತು, ಹಿಂದಿನ ಸೀಟಿನ ಅಂಚಿನಲ್ಲಿ ಬ್ಯಾಗು ಉಜ್ಜಿದ ಗುರುತು ಇರುತ್ತದೆ. ಮಂಗಳೂರಿನ ಕೆಎ 19, ಉಡುಪಿಯ ಕೆಎ 20 ಕಂಡರೆ ಉಪ್ಪುಗಾಳಿಯನ್ನು ನೆನೆದು ಸೈಲೆನ್ಸರಿನ ತಳ, ಮಡ್‌ಗಾರ್ಡಿನ ಒಳಮೈ, ಸ್ಟ್ಯಾಂಡಿನ ಬುಡ ತಡವಿ ನೋಡಿ. ನೆರೆ ನೀರಿನಲ್ಲಿ ಮುಳುಗಿ ಎದ್ದ ಗಾಡಿ ಎಲ್ಲಕ್ಕಿಂತ ಅಪಾಯ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಬೇಸ್‌ಮೆಂಟುಗಳೆಲ್ಲ ಕೆರೆಯಾಗಿದ್ದವಲ್ಲ, ಅಂಥ ಕಡೆ ಮುಳುಗಿದ್ದ ಗಾಡಿಗಳು ಮಾರುಕಟ್ಟೆಗೆ ಬರದೆ ಎಲ್ಲಿಗೆ ಹೋಗುತ್ತವೆ? ಸೀಟು ಎತ್ತಿ ವೈರುಗಳ ಸಂದಿಯಲ್ಲಿ, ಏರ್ ಫಿಲ್ಟರ್ ಡಬ್ಬದ ಮೂಲೆಯಲ್ಲಿ, ಮೀಟರಿನ ಗಾಜಿನ ಒಳಬದಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ.

ಓಡಿಸಿ ನೋಡುವಾಗ ಮೊದಲು ಬ್ರೇಕು, ಆಮೇಲೆ ಗೇರು. ನಿಂತ ನೀರಿಗೆ ಕಾಲಿಟ್ಟ ಹಾಗೆ ಮೆಲ್ಲಗೆ ಹೊರಡಿ. ಗಾಡಿ ತಾನಾಗಿ ಒಂದು ಕಡೆಗೆ ಎಳೆಯುತ್ತದೆಯೇ, ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಸದ್ದು ಮಾತ್ರ ಏರಿ ವೇಗ ಏರದೆ ಕ್ಲಚ್ ಜಾರುತ್ತದೆಯೇ ಗಮನಿಸಿ. ಒಂದು ಏರು ರಸ್ತೆ ಸಿಕ್ಕರೆ ಒಳ್ಳೆಯದು. ಮೈಸೂರಿನವರಿಗೆ ಚಾಮುಂಡಿ ಬೆಟ್ಟವೇ ಇದೆ. ಹೆಲ್ಮೆಟ್ ಮರೆಯಬೇಡಿ, ಟ್ರಯಲ್ ನೋಡುತ್ತಿದ್ದೇನೆ ಎಂದರೆ ಕ್ಯಾಮೆರಾ ಕೇಳುವುದಿಲ್ಲ.

ಆಟೋ ಕನ್ಸಲ್ಟೆಂಟ್ ಅಂಗಡಿಗಳ ಬಗ್ಗೆ ಒಂದು ಮಾತು. ಅಲ್ಲಿ ಹತ್ತು ಗಾಡಿ ಒಟ್ಟಿಗೆ ನೋಡಬಹುದು, ಲೋನ್ ಸಿಗುತ್ತದೆ, ಬೆಲೆಯಲ್ಲಿ ಅವರ ಲಾಭ ಸೇರಿರುತ್ತದೆ. ಹಳೇ ವಾಹನ ಮಾರುವ ಡೀಲರುಗಳು ಆರ್‌ಟಿಒದಿಂದ ಅಧಿಕೃತ ಪತ್ರ ಪಡೆಯಬೇಕು, ಮಾಲೀಕರು ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ತಿಳಿಸಬೇಕು ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಬಂದಿದೆ. ಗಾಡಿ ಅಂಗಡಿಯಲ್ಲಿರುವಷ್ಟು ದಿನ ಹೊಣೆ ಡೀಲರಿನದು. ಆ ಪತ್ರ ತೋರಿಸಿ ಎಂದು ಕೇಳಿ. ಕೇಳಿದಾಗ ಅವರ ಮುಖದಲ್ಲಿ ಆಗುವ ಬದಲಾವಣೆಯೂ ಒಂದು ಮಾಹಿತಿಯೇ.

ಹದಿನೈದು ವರ್ಷ ದಾಟಿದ ಗಾಡಿಯ ಲೆಕ್ಕ ಬೇರೆ. ಆರ್‌ಸಿಯ ಆಯಸ್ಸು ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಬೈಕಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 300ರಿಂದ 1,000 ರೂಪಾಯಿಗೆ ಏರಿಸಿದರು. ಅಗ್ಗವೆಂದು ಇಂಥದ್ದನ್ನು ಕೊಳ್ಳಬೇಡಿ ಎಂದು ಹುಡುಗನಿಗೆ ಹೇಳುವಾಗ ನನ್ನ ದನಿಯಲ್ಲಿ ಕಸುವಿರಲಿಲ್ಲ. ಯೆಜ್ಡಿ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಈ ಊರಿನಲ್ಲಿ ಯೆಜ್ಡಿಯ ಸದ್ದು ಕೇಳಿದರೆ ಕತ್ತು ತಿರುಗಿಸದ ನನ್ನ ವಯಸ್ಸಿನವರಿಲ್ಲ. ಅದೇ ವರ್ಷ ತಯಾರಿಕೆ ನಿಂತ ಆರ್‌ಎಕ್ಸ್ 100ಕ್ಕೆ ಇವತ್ತು ಹೊಸ ಗಾಡಿಯ ಬೆಲೆ ಕೇಳುತ್ತಾರೆ. ಇವು ಟೂ ಸ್ಟ್ರೋಕ್ ಇಂಜಿನ್, ಆಯಿಲ್ ಸುಡುವುದೇ ಇವುಗಳ ಜಾಯಮಾನ, ಮೇಲೆ ಹೇಳಿದ ಹೊಗೆಯ ಪಾಠ ಇವಕ್ಕೆ ನಡೆಯದು. ಇಂಥವನ್ನು ಕೊಳ್ಳುವವರು ಮಾಹಿತಿ ಲೇಖನ ಓದಿ ಕೊಳ್ಳುವುದೂ ಇಲ್ಲ.

ನಮ್ಮ ಹುಡುಗನಿಗೆ ಗಾಡಿ ಸಿಕ್ಕಿದ್ದು ಮೂರನೇ ಭಾನುವಾರ, ವಿಜಯನಗರದ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ. 2021ರ ಗಾಡಿ, ಮೈತುಂಬ ಧೂಳು, ಟ್ಯಾಂಕಿನ ಮೇಲೆ ಬೆಕ್ಕಿನ ಹೆಜ್ಜೆ. ಸೈಲೆನ್ಸರ್ ತಣ್ಣಗಿತ್ತು. ಮೂರನೇ ಸಲ ಸೆಲ್ಫ್ ಒತ್ತಿದಾಗ ಸ್ಟಾರ್ಟ್ ಆಯಿತು, ಬ್ಯಾಟರಿ ಸೋತಿತ್ತು, ಮುಂದಿನ ಟೈರು ಬಿರುಕು ಬಿಟ್ಟಿತ್ತು, ಚೈನು ಜೋತಾಡುತ್ತಿತ್ತು. ಸರ್ವಿಸ್ ಬಿಲ್ಲುಗಳು ಮಾತ್ರ ಮೊದಲನೆಯದರಿಂದ ಕೊನೆಯದರವರೆಗೆ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ದಾರ ಕಟ್ಟಿಸಿಕೊಂಡು ಕೂತಿದ್ದವು. 58 ಸಾವಿರ ಹೇಳಿದ್ದರು, ಚೀಟಿ ನೋಡಿ 51ಕ್ಕೆ ಬಂದರು. ಹಣ ಬ್ಯಾಂಕಿನ ಮೂಲಕವೇ ಹಾಕಿಸಿದೆ. ಎರಡು ಹಾಳೆಯಲ್ಲಿ ದಿನಾಂಕ, ಬೆಳಿಗ್ಗೆ 10.40 ಎಂದು ಗಂಟೆ ನಿಮಿಷ ಸಮೇತ ಬರೆದು ಇಬ್ಬರೂ ಸಹಿ ಹಾಕಿದರು. ಫಾರಂ 29, 30 ಪೂರ್ತಿ ತುಂಬಿದ ಮೇಲೆಯೇ ಸಹಿ. ಅಷ್ಟರಲ್ಲಿ ನನ್ನ 2011ರ ಕಥೆಯನ್ನು ಅವರಿಗೆ ಹೇಳಬಾರದಿತ್ತೇನೋ. ಅಂದಿನಿಂದ ಮೇಷ್ಟ್ರು ಎರಡು ದಿನಕ್ಕೊಮ್ಮೆ ಹುಡುಗನಿಗೆ ಫೋನ್ ಮಾಡಿ 'ಆಯ್ತೇನಪ್ಪಾ?' ಎಂದು ಕೇಳುತ್ತಿದ್ದರು. ಹೊಸ ಆರ್‌ಸಿ ಕಾರ್ಡು ಅಂಚೆಯಲ್ಲಿ ಬಂದ ದಿನ ಹುಡುಗ ಅದರ ಫೋಟೋ ಕಳಿಸಿದ. 'ಹಿಂಬದಿದೂ ಕಳಿಸು' ಎಂದು ಮೇಷ್ಟ್ರಿಂದ ಉತ್ತರ ಬಂತು.